ಕೊತ್ತಗುಡೆಂಗೆ ಹೊರಟ ಕೂಸಿಗೆ

ಶಿರಸಿ

ಕೂಸೇ,

ತೆಲಂಗಾಣದ ಕಲ್ಲಿದ್ದಲು ಗಣಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಅಕ್ಕ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. ಬಿಸಿಲು, ಊಟ, ರೂಮಿನ ಬಾಡಿಗೆ ಎಲ್ಲ ಅವಳೇ ಹೇಳಿ ಮುಗಿಸಿರುತ್ತಾಳೆ. ನಾನು ಕಲ್ಲಿದ್ದಲಿನ ಬಗ್ಗೆ ಮಾತ್ರ ಬರೆಯುತ್ತೇನೆ. ವಿದ್ಯುತ್ ಸ್ಥಾವರದ ಲ್ಯಾಬಿನಲ್ಲಿ ಅಷ್ಟು ವರ್ಷ ಅದರ ಪುಡಿ ಕುಡಿದವನು ಇಷ್ಟಾದರೂ ಹೇಳದಿದ್ದರೆ ಹೇಗೆ?

ನಮ್ಮ ಕಡೆ ಕಲ್ಲಿದ್ದಲು ಇಲ್ಲ. ಯಲ್ಲಾಪುರದ ಕಡೆಯವರೊಬ್ಬರು ಬಾವಿ ತೋಡುವಾಗ ಸಿಕ್ಕ ಕಪ್ಪು ಕಲ್ಲು ತಂದು "ಇದು ಅದೇ ಅಲ್ವಾ?" ಎಂದು ಕೇಳಿದ್ದರು. ಅದು ಮ್ಯಾಂಗನೀಸ್. ನಮ್ಮ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಆಗ ನೆಲದ ಮೇಲೆ ಮರಗಿಡವೇ ಇರಲಿಲ್ಲ, ಇನ್ನು ಕಲ್ಲಿದ್ದಲು ಎಲ್ಲಿಂದ ಬರಬೇಕು? ನೀನು ಹೋಗುವ ಗೋದಾವರಿ ಕಣಿವೆಯದು 25ರಿಂದ 30 ಕೋಟಿ ವರ್ಷದ ಕಥೆ. ತಳದಲ್ಲಿ ಹಿಮನದಿ ತಂದು ಹಾಕಿದ ಗುಂಡುಕಲ್ಲಿನ ತಾಲ್ಚಿರ್ ಎಂಬ ಪದರ, ಅದರ ಮೇಲೆ ಬರಾಕರ್ ಎಂಬ ಪದರ. ಸೀಮ್, ಅಂದರೆ ಕಲ್ಲಿದ್ದಲಿನ ಪಟ್ಟೆ, ಮುಖ್ಯವಾಗಿ ಇರುವುದು ಬರಾಕರಿನಲ್ಲಿ. ಇದನ್ನೆಲ್ಲ ಧಾರವಾಡದಲ್ಲಿ ಓದಿದ್ದೀಯ, ಬಿಡು.

ಮಳೆಗಾಲದಲ್ಲಿ ಅಘನಾಶಿನಿ ಕೆಂಪಗೆ ಹರಿದು ಎಲೆ, ಕೊಂಬೆ, ಮಣ್ಣು ಎಲ್ಲ ಒಟ್ಟಿಗೆ ಎಳೆದುಕೊಂಡು ಬಂದು ಅಳಿವೆಯ ಹತ್ತಿರ ಬಿಡುವುದು ನೋಡಿದ್ದೀಯಲ್ಲ, ಗೋದಾವರಿ ಕಣಿವೆಯದೂ ಸೇರಿದ ಗೊಂಡ್ವಾನಾ ಕಲ್ಲಿದ್ದಲು ಆದದ್ದೂ ಹೆಚ್ಚುಕಡಿಮೆ ಹಾಗೇ. ಮಣ್ಣು ಮೇಲೆ ಮೆತ್ತಿಕೊಂಡಿಲ್ಲ, ಒಳಗೇ ಕಲಸಿಹೋಗಿದೆ. ಅದಕ್ಕೇ ನಮ್ಮ ದೇಶದ ಕಲ್ಲಿದ್ದಲಿನಲ್ಲಿ 35-45% ಬೂದಿ ಬಂದರೆ ಯಾರೂ ಬೆಚ್ಚುವುದಿಲ್ಲ, ತೊಳೆದರೂ ಅದು ಪೂರ್ತಿ ಬಿಡುವುದಿಲ್ಲ. ಗಂಧಕ ಮಾತ್ರ ಕಡಿಮೆ, ಅದೊಂದು ಪುಣ್ಯ. ಮೇಘಾಲಯದ್ದು ಇದಕ್ಕೆ ಉಲ್ಟಾ.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ನೆಲ ಕೊರೆದು ಮೇಲೆ ತೆಗೆದ ಕಲ್ಲಿನ ಕಂಬ, ಅಂದರೆ ಕೋರ್, ಇಟ್ಟ ಪೆಟ್ಟಿಗೆ ಮುಂದೆ ಕೂತಾಗ ಕಲ್ಲಿದ್ದಲನ್ನಷ್ಟೇ ನೋಡಬೇಡ, ಎಷ್ಟು ಮೇಲೆ ಬಂದಿಲ್ಲ ಎಂದು ಲೆಕ್ಕ ಹಾಕು. ಹೊಳೆಯುವ ಒಳ್ಳೆ ಕಲ್ಲಿದ್ದಲು ಪುಡಿಪುಡಿ, ಡ್ರಿಲ್ಲಿನ ನೀರಿನಲ್ಲಿ ತೊಳೆದುಹೋಗುತ್ತದೆ, ಸೀಮಿನ ನಡುವಿನ ಗಟ್ಟಿ ಕಲ್ಲಿನ ಪದರ, ಅಂದರೆ ಬ್ಯಾಂಡ್, ಉಳಿಯುತ್ತದೆ. ಹಾಗೇ ಅಳೆದರೆ ಸೀಮ್ ತೆಳ್ಳಗೆ, ಬೂದಿ ಜಾಸ್ತಿ ಎಂದು ಬರುತ್ತದೆ. ಬೋರಿನೊಳಗೆ ಉಪಕರಣ ಇಳಿಸಿ ತೆಗೆದ ಗಾಮಾ ಲಾಗ್, ಡೆನ್ಸಿಟಿ ಲಾಗ್ ಪಕ್ಕದಲ್ಲಿಟ್ಟು ತಾಳೆ ನೋಡು. ಬ್ಯಾಂಡನ್ನು ಕಿತ್ತು ಬಿಸಾಡಿ ಚೆಂದದ ಅಂಕಿ ಬರೆಯುವ ಆಸೆ ಬೇಡ. ಗಣಿಯಲ್ಲಿ ಯಂತ್ರ ಸಣ್ಣ ಬ್ಯಾಂಡನ್ನೆಲ್ಲ ಸೇರಿಸಿಯೇ ಅಗೆಯುತ್ತದೆ.

ನಾನು ಹೊಸಬನಿದ್ದಾಗ ಮಾಡಿದ್ದು ಹೇಳುತ್ತೇನೆ. ರಾತ್ರಿ ಕಲ್ಲಿದ್ದಲಿನ ರೇಕ್ (ಗೂಡ್ಸ್ ರೈಲು) ಬಂತು, ಮಳೆ ಬೇರೆ. ವ್ಯಾಗನ್ ಹತ್ತಿ ಮೇಲ್ಮೇಲೆ ಕೈಗೆ ಸಿಕ್ಕಿದ್ದನ್ನು ಸ್ಯಾಂಪಲ್ ಚೀಲಕ್ಕೆ ತುಂಬಿಕೊಂಡು ಇಳಿದೆ. ಅಡಿಕೆ ಮೂಟೆಯ ಬಾಯಲ್ಲಿ ಒಳ್ಳೆಯ ರಾಶಿ ಅಡಿಕೆ ಇಟ್ಟು ಅಡಿಗೆ ಕಳಪೆ ಕೋಕಾ ತುಂಬುವವರನ್ನು ನೋಡಿ ಬೆಳೆದವನು ನಾನು, ನನಗೇ ಹೊಳೆಯಲಿಲ್ಲ! ನನ್ನ ಅಂಕಿಗೂ ಬಾಯ್ಲರಿನವರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಹಿರಿಯ ಕೆಮಿಸ್ಟ್ ಏನೂ ಬೈಯಲಿಲ್ಲ, "ಬಾಂಬ್ ಕ್ಯಾಲರಿಮೀಟರ್ ಸರಿ ಇದೆ, ಚೀಲ ಸರಿ ಇಲ್ಲ" ಎಂದರು ಅಷ್ಟೇ. ಶಾಖ ಅಳೆಯುವ ಯಂತ್ರ ಸರಿ, ನಾನು ತಂದ ಸ್ಯಾಂಪಲ್ ತಪ್ಪು ಎಂದರ್ಥ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು, ತೇವದ ಲೆಕ್ಕ. ಜಗಳ ಆಗುವುದೆಲ್ಲ ಇಲ್ಲೇ. ಗ್ರೇಡ್ ಹೇಳುವುದು 40 ಡಿಗ್ರಿಯಲ್ಲಿ, 60% ತೇವದ ಗಾಳಿಯಲ್ಲಿ ಸಮಕ್ಕೆ ತಂದ ಪುಡಿಯ ಮೇಲೆ. ಸ್ಥಾವರದವರು ಸುಡುವುದು ವ್ಯಾಗನ್ನಿನಲ್ಲಿ ಬಂದದ್ದನ್ನು ಬಂದ ಹಾಗೆ. 5% ತೇವ ಇದ್ದಾಗ ಜಿಸಿವಿ (ಒಂದು ಕಿಲೋ ಸುಟ್ಟರೆ ಬರುವ ಶಾಖ, ಕಿಲೋಕ್ಯಾಲರಿಯಲ್ಲಿ) 4500 ಇದ್ದದ್ದು, ಅದೇ ಕಲ್ಲಿದ್ದಲು ನೆನೆದು 12% ಆದರೆ ಸುಮಾರು 4170ಕ್ಕೆ ಇಳಿಯುತ್ತದೆ. 4301ರಿಂದ 4600 ಜಿ-10, ಅದರ ಕೆಳಗೆ 4001ರವರೆಗೆ ಜಿ-11. ಹಾಗಾಗಿ ಗಣಿಯವರ ಕಾಗದದಲ್ಲಿ ಜಿ-10, ಸ್ಥಾವರದವರ ಲೆಕ್ಕದಲ್ಲಿ ಜಿ-11. ಯಾರೂ ಕದ್ದಿಲ್ಲ, ಆದರೂ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅನ್ನುತ್ತಾರೆ. ಸರಿಯಾಗಿ ಒಣಗದ ಚಾಲಿ ಅಡಿಕೆ ತೂಗಿಸಿದ ಹಾಗೆ.

ಸ್ಯಾಂಪಲ್ ತೆಗೆದ ಕೂಡಲೇ ಚೀಲದ ಬಾಯಿ ಕಟ್ಟಿ ಸೀಲ್ ಮಾಡು, ನಾಳೆ ಮಾಡಿದರಾಯಿತು ಅನ್ನಬೇಡ. ಮಾರುವವರದ್ದು, ಕೊಳ್ಳುವವರದ್ದು ಬಿಟ್ಟು ಜಗಳ ಬಂದರೆ ಮತ್ತೆ ಪರೀಕ್ಷಿಸುವ ರೆಫರಿಗೆಂದು ಇಡುವ ಪಾಲಿನ ಚೀಟಿ ನೀನೇ ಬರೆ. ಅದನ್ನು ಬೇರೆಯವರ ಕೈಗೆ ಕೊಡಬೇಡ, ಎಷ್ಟೇ ಒಳ್ಳೆಯವರಿರಲಿ.

ಮೊದಲ ರಿಪೋರ್ಟ್ ಆದಾಗ ನನಗೊಂದು ಫೋಟೋ ಕಳಿಸು. ಅಂಕಿಯ ಪಕ್ಕದಲ್ಲಿ ಯಾವ ತೇವಕ್ಕೆ ತೆಗೆದದ್ದು ಎಂದು ಬರೆದಿರದಿದ್ದರೆ ನಾನು ಓದುವುದಿಲ್ಲ, ವಾಪಸ್ ಕಳಿಸುತ್ತೇನೆ.

ನಿನ್ನ ಮಾವ