ಮಕ್ಕಳ ಮೊಬೈಲಿಗೆ ಬರುತ್ತಿರುವ ಕಣಿ ಮತ್ತು ಮಾಟದ ಮಾತುಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು.

ಕಳೆದ ತಿಂಗಳು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ ತನ್ನ ಆಪ್ತ ಗೆಳತಿಯ ಪಕ್ಕದಲ್ಲಿ ಬಿಸಿಯೂಟಕ್ಕೆ ಕೂರುವುದನ್ನು ಬಿಟ್ಟಳು. ಎಂಟನೇ ತರಗತಿಗೆ ಸೇರಿದ ದಿನದಿಂದ ಒಂದೇ ಬೆಂಚಿನಲ್ಲಿ ಕುಳಿತು ಬಂದ ಮಕ್ಕಳವರು. ಹತ್ತು ದಿನಗಳ ನಂತರ ಅವಳು ಅಳುತ್ತ ನನ್ನ ಕೊಠಡಿಗೆ ಬಂದು ಹೇಳಿದ ವಿಷಯವನ್ನು, ಅವಳ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆಂದು ಹೇಳುತ್ತೇವೆ, ಹೆಸರು ಮತ್ತು ಜನ್ಮನಕ್ಷತ್ರ ಕಳುಹಿಸಿ ಎಂಬ ಒಂದು ವಿಡಿಯೋಗೆ ಅವಳು ಉತ್ತರಿಸಿದ್ದಳು. ಮರುದಿನ ವಾಟ್ಸಾಪ್‌ನಲ್ಲಿ ಒಬ್ಬ ‘ಗುರೂಜಿ’ಯ ಸಂದೇಶ ಬಂತು. ಹತ್ತಿರದವಳೊಬ್ಬಳು ನಿನಗೆ ಮಾಟ ಮಾಡಿಸಿದ್ದಾಳೆ, ಅವಳ ಹೆಸರು ‘ಸ’ ಅಕ್ಷರದಿಂದ ಶುರುವಾಗುತ್ತದೆ ಎಂದು ಅದರಲ್ಲಿತ್ತು. ಆ ತರಗತಿಯ ಹಾಜರಿ ಪುಸ್ತಕದಲ್ಲಿ ‘ಸ’ದಿಂದ ಶುರುವಾಗುವ ಹೆಣ್ಣುಮಕ್ಕಳ ಹೆಸರು ಆರು ಇವೆ. ಮಗುವಿಗೆ ಹೊಳೆದದ್ದು ಮಾತ್ರ ಪಕ್ಕದಲ್ಲಿ ಕೂರುವವಳ ಹೆಸರು. ದಕ್ಷಿಣೆ ಎಂದು ಮೊದಲು 51, ಪೂಜೆಗೆಂದು 501, ಕಟ್ಟು ಬಿಚ್ಚಲೆಂದು 2,100 ರೂಪಾಯಿಗಳು ಅವಳ ತಾಯಿಯ ಫೋನಿನಿಂದ ಹೋಗಿದ್ದವು. ಇನ್ನೂ 5,001 ಬೇಕೆಂದು, ಕೊಡದಿದ್ದರೆ ತಂದೆಯ ಜೀವಕ್ಕೆ ಕುತ್ತೆಂದು ಹೆದರಿಸಿದಾಗ ಅವಳು ಶಾಲೆಗೆ ಹೇಳಿದಳು. ಮನೆಯಲ್ಲಿ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಹೇಳಿದರೆ ಪರಿಹಾರ ಫಲಿಸುವುದಿಲ್ಲ ಎಂದು ಆತ ಮೊದಲ ದಿನವೇ ಆಣೆ ಹಾಕಿಸಿಕೊಂಡಿದ್ದನಂತೆ.

ಪೂಜೆ ನಡೆದದ್ದಕ್ಕೆ ಸಾಕ್ಷಿಯಾಗಿ ಆತ ಒಂದು ಫೋಟೋ ಕಳುಹಿಸಿದ್ದ. ಅಂಚು ಮುರಿದ ತಟ್ಟೆಯಲ್ಲಿ ಕುಂಕುಮ, ಸೂಜಿ ಚುಚ್ಚಿದ ನಿಂಬೆಹಣ್ಣು, ಅದರಡಿ ಮಗುವಿನ ಹೆಸರು ಬರೆದ ಚೀಟಿ. ವಿಚಾರಿಸುತ್ತ ಹೋದಾಗ ಮತ್ತೊಂದು ತರಗತಿಯ ಹುಡುಗನ ಬಳಿಯೂ ಅದೇ ಫೋಟೋ ಸಿಕ್ಕಿತು. ಅದೇ ಮುರಿದ ತಟ್ಟೆ, ಅದೇ ನಿಂಬೆಹಣ್ಣು. ಚೀಟಿಯ ಹೆಸರು ಮಾತ್ರ ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆಯೇ ಆ ಮಗುವಿನ ಮುಖದಲ್ಲಿದ್ದ ಭಯ ಇಳಿದದ್ದು.

ಬುಡಬುಡಿಕೆಯವರು, ಗಿಳಿಶಾಸ್ತ್ರದವರು ನಮ್ಮ ಬಾಗಿಲಿಗೂ ಬರುತ್ತಿದ್ದರು. ಆದರೆ ಅವರು ಹೇಳಿದ್ದನ್ನು ಅಜ್ಜಿ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು; ಒಂದು ಸೇರು ಜೋಳವನ್ನೋ ಹಳೆಯ ಬಟ್ಟೆಯನ್ನೋ ಪಡೆದು ಅವರು ಮುಂದಿನ ಮನೆಗೆ ಹೋಗುತ್ತಿದ್ದರು. ಈಗ ಅದೇ ಮಾತು ರಾತ್ರಿ ಹನ್ನೊಂದಕ್ಕೆ, ಹೊದಿಕೆಯೊಳಗೆ, ಒಂಟಿ ಮಗುವಿನ ಕಿವಿಗೆ ಬೀಳುತ್ತಿದೆ. ಇಂಥ ಒಂದು ವಿಡಿಯೋವನ್ನು ಕೊನೆಯವರೆಗೆ ನೋಡಿದರೆ ಅಂಥವೇ ಹತ್ತು ವಿಡಿಯೋಗಳು ತಾವಾಗಿ ಬರುತ್ತವೆ. ಮೊದಲ ಕೆಲವು ನಿಮಿಷ ಉಚಿತವೆಂದು ಹೇಳಿ, ಆಮೇಲೆ ನಿಮಿಷಕ್ಕಿಷ್ಟು ಎಂದು ಹಣ ಕಡಿತ ಮಾಡುವ ಆ್ಯಪ್‌ಗಳೂ ಇವೆ.

ನನ್ನ ವಿಷಯವನ್ನೆಲ್ಲ ಸರಿಯಾಗಿ ಹೇಳಿದರಲ್ಲ ಎಂದು ಮಕ್ಕಳು ಕೇಳುತ್ತಾರೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ, ಇದು ನಿಮ್ಮೊಬ್ಬರದೇ ಸ್ವಭಾವದ ವಿವರಣೆ ಎಂದು ಹೇಳಿ, ಎಲ್ಲರಿಗೂ ಒಂದೇ ಬರಹವನ್ನು ಕೊಟ್ಟಿದ್ದರು. ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರೆಲ್ಲ ಕೊಟ್ಟ ಅಂಕಗಳ ಸರಾಸರಿ 5ಕ್ಕೆ 4ಕ್ಕಿಂತಲೂ ಹೆಚ್ಚಿತ್ತು. ನಾನೂ ಹತ್ತನೇ ತರಗತಿಯಲ್ಲಿ ಹೀಗೆಯೇ ಮಡಚಿದ ಚೀಟಿಗಳನ್ನು ಹಂಚಿದೆ. ಹೊರಗೆ ನಗುತ್ತೀರಿ, ಒಳಗೆ ಒಂದು ಚಿಂತೆ ಕಾಡುತ್ತಿದೆ ಎಂದಷ್ಟೇ ಬರೆದಿದ್ದೆ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಇದು ನನ್ನದೇ ಎಂದು ಕೈ ಎತ್ತಿದರು. ಆಮೇಲೆ ಚೀಟಿ ಅದಲುಬದಲು ಮಾಡಿಕೊಂಡು ಓದಿದಾಗ ತರಗತಿ ಬಹಳ ಹೊತ್ತು ಮೌನವಾಗಿತ್ತು.

ಮನೆದೇವರ ಪೂಜೆ, ಹರಕೆ, ಜಾತಕ ತಮ್ಮ ಮನೆಯ ವಿಷಯಗಳು. ಅವುಗಳಲ್ಲಿ ಶಾಲೆ ಕೈಹಾಕುವುದಿಲ್ಲ. ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು ನಮ್ಮ ರಾಜ್ಯ 2017ರಲ್ಲಿ ರೂಪಿಸಿ, 2020ರ ಜನವರಿಯಲ್ಲಿ ಜಾರಿಗೆ ತಂದ ಕಾಯ್ದೆಯೂ ಜ್ಯೋತಿಷಿಗಳ ಸಲಹೆಯನ್ನು ಹೊರಗಿಟ್ಟಿದೆ. ಆದರೆ ದೆವ್ವ, ಮಾಟದ ಹೆಸರಿನಲ್ಲಿ ಭೀತಿ ಹುಟ್ಟಿಸುವುದು ಬೇರೆ ಮಾತು. ಆ ಕಾಯ್ದೆಯಡಿ ಒಂದರಿಂದ ಏಳು ವರ್ಷಗಳವರೆಗೆ ಜೈಲು ಶಿಕ್ಷೆಯಿದೆ.

ಹೀಗೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬೇಡಿ, ದೂರಿಗೆ ಅವು ಬೇಕಾಗುತ್ತವೆ. ಪೂಜೆಗೆ ಬೇಕೆಂದು ಫೋಟೋ ಕೇಳಿದ್ದಾರೆಯೇ ಎಂದು ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಮೆಲ್ಲಗೆ ವಿಚಾರಿಸಿ. ಕಳುಹಿಸಿದ್ದರೆ ಬಯ್ಯದೆ ನಮಗೆ ತಿಳಿಸಿ. ಇದನ್ನು ಕೈಮುಗಿದು ಕೇಳುತ್ತೇನೆ. ಆ ವಿದ್ಯಾರ್ಥಿನಿ ಮೂರನೇ ಬಾರಿ ಹಣ ಕಳುಹಿಸಿದ್ದು ಮಾಟದ ಭಯಕ್ಕಲ್ಲ, ಮೊದಲ ಎರಡು ಬಾರಿಯದು ಮನೆಯಲ್ಲಿ ಗೊತ್ತಾದೀತೆಂಬ ಭಯಕ್ಕೆ.

ಬರುವ ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ಮಕ್ಕಳು ಬಳಸುವ ಫೋನನ್ನು ತನ್ನಿ, ಮನೆಯ ಹಿರಿಯರನ್ನೂ ಕರೆತನ್ನಿ. ಎಲ್ಲರೆದುರು ಹೇಳಲು ಹಿಂಜರಿಕೆ ಇರುವವರು ಯಾವುದೇ ದಿನ ಸಂಜೆ ನಾಲ್ಕೂವರೆಯ ನಂತರ ನನ್ನ ಕೊಠಡಿಗೆ ಬರಬಹುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ