ಹರಿದ ಪುಸ್ತಕಕ್ಕೆ ದಂಡ ಬೇಡ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕಿ. ದಾನಿಗಳು ಶಾಲೆಗಳಿಗೆ ಕೊಡುವ ಪುಸ್ತಕಗಳ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿತ್ತು. ನಾನು ಕೇಳುತ್ತಿರುವುದು ಅನುದಾನ ಅಲ್ಲ, ಒಂದು ಪುಟದ ಆದೇಶ.

ಈಗ ನನ್ನ ಮೇಜಿನ ಮೇಲೆ ಒಂದು ತೆಳ್ಳಗಿನ ಇಂಗ್ಲಿಷ್ ಕಥೆ ಪುಸ್ತಕ ಇದೆ. ಯಾರೋ ಪುಣ್ಯಾತ್ಮರು ಕಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದು. ಹೊದಿಕೆ ಕಿತ್ತುಬಂದು ಎರಡು ಸಲ ಟೇಪ್ ಹಚ್ಚಿದ್ದೇವೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ಓದಿದವರ 23 ಹೆಸರುಗಳಿವೆ. ಒಳಗೆ ಸಾಲುಗಳ ನಡುವೆ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥಗಳು. ‘ರಿಲಕ್ಟಂಟ್’ ಎಂಬ ಪದದ ಮೇಲೆ ಒಬ್ಬ ಹುಡುಗ ‘ಸೋಮಾರಿ’ ಎಂದು ಬರೆದಿದ್ದ. ಆಮೇಲೆ ಓದಿದ ಹುಡುಗಿ ಅದನ್ನು ಹೊಡೆದುಹಾಕಿ ‘ಇಷ್ಟ ಇಲ್ಲದ’ ಎಂದು ತಿದ್ದಿದ್ದಾಳೆ. ಅದರ ಪಕ್ಕದಲ್ಲೇ ಇನ್ನೊಂದು ಕೈಬರಹ: ‘ಒಲ್ಲದ ಮನಸ್ಸಿನ’. ಈ ಮೂವರಲ್ಲಿ ಯಾರಿಗೂ ನಾನು ಆ ಪದ ಕಲಿಸಿರಲಿಲ್ಲ. ಕಥೆ ಮುಂದೆ ಏನಾಗುತ್ತೆ ಎಂಬ ಕುತೂಹಲಕ್ಕೆ ಅವರೇ ಡಿಕ್ಷನರಿ ತೆಗೆದಿದ್ದಾರೆ. ಆ ಡಿಕ್ಷನರಿಯೂ ಅದೇ ಪೆಟ್ಟಿಗೆಯಲ್ಲಿ ಬಂದದ್ದೇ.

ಪಠ್ಯಪುಸ್ತಕ ಸಾಲದಾ ಎಂದು ಕೆಲವರು ಕೇಳುತ್ತಾರೆ. ಸಾಲದು. ಒಂದು ಪಾಠವನ್ನು ನಾವು ದಿನಗಟ್ಟಲೆ ಬಿಡಿಸಿ ಹೇಳುತ್ತೇವೆ, ಪದದ ಅರ್ಥ ಬರೆಸುತ್ತೇವೆ, ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆ ಮುಗಿದ ಮೇಲೆ ಆ ಪದಗಳು ಮಕ್ಕಳಿಗೆ ಮತ್ತೆ ಸಿಗುವುದೇ ಇಲ್ಲ. ಒಂದು ಪದ ತಲೆಯಲ್ಲಿ ಉಳಿಯಬೇಕಾದರೆ ಅದು ಬೇರೆ ಬೇರೆ ಕಡೆ, ಬೇರೆ ಬೇರೆ ವಾಕ್ಯದಲ್ಲಿ ಎದುರಾಗುತ್ತಲೇ ಇರಬೇಕು. ಅದಕ್ಕೆ ತುಂಬಾ ಓದಬೇಕು, ಅದೂ ಸುಲಭವಾದದ್ದನ್ನು.

1980ರ ದಶಕದ ಶುರುವಿನಲ್ಲಿ ಫಿಜಿಯ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಾಂಗುಭಾಯಿ ಎಂಬ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅಲ್ಲಿನ ಮಕ್ಕಳಿಗೂ ಇಂಗ್ಲಿಷ್ ಎರಡನೇ ಭಾಷೆ. ಒಂದೊಂದು ತರಗತಿಗೆ 250 ಇಂಗ್ಲಿಷ್ ಕಥೆ ಪುಸ್ತಕ ಕೊಟ್ಟರು. 8 ತಿಂಗಳಾದ ಮೇಲೆ ನೋಡಿದರೆ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಆ ಮಕ್ಕಳು ಮಾಮೂಲಿಗಿಂತ ದುಪ್ಪಟ್ಟು ವೇಗದಲ್ಲಿ ಮುಂದೆ ಹೋಗಿದ್ದರು. ಅವರು 4 ಮತ್ತು 5ನೇ ತರಗತಿಯ ಮಕ್ಕಳು, ನಮ್ಮವರು ಹೈಸ್ಕೂಲಿನವರು, ನಿಜ. ಆದರೆ ಕಥೆಯ ಆಸೆಗೆ ಪುಟ ತಿರುಗಿಸುವುದು ಎರಡೂ ವಯಸ್ಸಿನಲ್ಲಿ ಒಂದೇ ಅಲ್ವಾ?

ಹಾಗಂತ ಬಂದ ಪುಸ್ತಕವೆಲ್ಲ ಕೆಲಸಕ್ಕೆ ಬರುವುದಿಲ್ಲ. ಅಟ್ಟ ಖಾಲಿ ಮಾಡುವಾಗ ಸಿಕ್ಕ ಹಳೇ ಗೈಡುಗಳು, ಯಾವುದೋ ಕಾಲದ ಪ್ರಶ್ನೆಪತ್ರಿಕೆಗಳು, ದಪ್ಪ ದಪ್ಪ ಕಾದಂಬರಿಗಳು ಬರುತ್ತವೆ. ಕೊಟ್ಟವರ ಮನಸ್ಸು ದೊಡ್ಡದೇ, ಆದರೆ ಮಕ್ಕಳು ಮೊದಲ ಪುಟದಲ್ಲೇ ಸೋಲುತ್ತಾರೆ. ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಲು ಸುಮಾರು 98% ಪದಗಳು ಗೊತ್ತಿರಬೇಕು ಎಂದು ಭಾಷಾ ಕಲಿಕೆಯ ಸಂಶೋಧಕ ಪಾಲ್ ನೇಷನ್ ಮತ್ತು ಅವರ ಜೊತೆಯವರು ಹೇಳುತ್ತಾರೆ. ಅಂದರೆ 50 ಪದಕ್ಕೆ ಒಂದೇ ಹೊಸ ಪದ. ಅದಕ್ಕೇ ನಮಗೆ ಹಂತ ಹಂತವಾಗಿ ಪದ ಹೆಚ್ಚಿಸುತ್ತಾ ಹೋಗುವ ಗ್ರೇಡೆಡ್ ರೀಡರುಗಳು ಬೇಕು. ಒಂದೇ ಪುಸ್ತಕದ ಹತ್ತಿಪ್ಪತ್ತು ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು, ಇಡೀ ತರಗತಿ ಒಂದೇ ಕಥೆಯ ಬಗ್ಗೆ ಜಗಳ ಆಡಬಹುದು. ಬೆಂಚಿಗೊಂದು ಡಿಕ್ಷನರಿ ಬೇಕು. ಒಂದು ಚಿಕ್ಕ ಸ್ಪೀಕರ್ ಸಿಕ್ಕರೂ ದೊಡ್ಡ ಉಪಕಾರ. ಈಗ ಮಕ್ಕಳ ಕಿವಿಗೆ ಬೀಳುವ ಇಂಗ್ಲಿಷ್ ಅಂದರೆ ನನ್ನೊಬ್ಬಳ ದನಿ ಮಾತ್ರ.

ಇನ್ನು ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು. ಒಳ್ಳೆಯ ಪುಸ್ತಕ ಬಂದರೂ ಅದು ಮಕ್ಕಳ ಕೈ ಸೇರುವುದು ಕಷ್ಟ. ಬಂದ ದಿನ ಫೋಟೋ ತೆಗೆಯುತ್ತೇವೆ, ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯುತ್ತೇವೆ, ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಬೀಗ ಹಾಕುವವರು ಕೆಟ್ಟವರಲ್ಲ, ಅವರಿಗೆ ಭಯ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮಕ್ಕಳಿಗೆ ಮನೆಗೆ ಕೊಟ್ಟ ಪುಸ್ತಕಗಳಲ್ಲಿ ಒಂಬತ್ತು ವಾಪಸ್ ಬರಲಿಲ್ಲ. ಲೆಕ್ಕ ನೋಡುವ ದಿನ ಆ ದುಡ್ಡನ್ನು ನನ್ನ ಸಹೋದ್ಯೋಗಿಯೊಬ್ಬರು ಕೈಯಿಂದ ಕಟ್ಟಬೇಕಾಯಿತು. ಮರುದಿನದಿಂದ ಅವರು ಬೀರು ತೆಗೆಯಲಿಲ್ಲ. ಅವರನ್ನು ನಾನು ಹೇಗೆ ತಪ್ಪು ಅನ್ನಲಿ?

ಪುಸ್ತಕ ಇರುವುದು ಬಳಸುವುದಕ್ಕೆ ಎಂದು ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ತಮ್ಮ ಮೊದಲ ಸೂತ್ರವಾಗಿ ಹೇಳಿದ್ದರು. ಬಳಸಿದ ಪುಸ್ತಕ ಸವೆಯುತ್ತೆ, ಒಂದಷ್ಟು ಕಳೆದೂ ಹೋಗುತ್ತವೆ. ಆದ್ದರಿಂದ ದಯವಿಟ್ಟು ಒಂದು ಆದೇಶ ಹೊರಡಿಸಿ. ದಾನವಾಗಿ ಬಂದ ಪುಸ್ತಕ ಓದಿ ಹರಿದರೆ, ಕಳೆದರೆ, ಮುಖ್ಯ ಶಿಕ್ಷಕರ ಒಂದು ಸಹಿಯಲ್ಲಿ ಲೆಕ್ಕದಿಂದ ತೆಗೆಯಲು ಅವಕಾಶ ಇರಲಿ. ಶಿಕ್ಷಕರಿಂದ ವಸೂಲಿ ಬೇಡ. ತಪಾಸಣೆಗೆ ಬರುವವರು ಬೀರುವಿನಲ್ಲಿ ಎಷ್ಟು ಇದೆ ಎನ್ನುವುದರ ಜೊತೆಗೆ, ಈ ತಿಂಗಳು ಎಷ್ಟು ಹೊರಗೆ ಹೋಗಿದೆ ಎಂದೂ ಕೇಳಲಿ. ಏನು ಬೇಕು ಎಂಬ ಪಟ್ಟಿಯನ್ನು ಶಿಕ್ಷಕರೇ ಬರೆದು ದಾನಿಗಳಿಗೆ ಕೊಡುವಂತಾಗಲಿ. ಇನ್ನೊಂದು ಮಾತು, ದಾನ ಬರುತ್ತಿದೆ ಎಂದು ಗ್ರಂಥಾಲಯದ ಅನುದಾನ ಕಡಿಮೆ ಮಾಡಬೇಡಿ. ದಾನ ಈ ವರ್ಷ ಬರುತ್ತೆ, ಮುಂದಿನ ವರ್ಷ ಬರದೇ ಇರಬಹುದು.

ಯಾವತ್ತಾದರೂ ನಮ್ಮ ಶಾಲೆ ಕಡೆ ಬಂದರೆ ಆ ಟೇಪ್ ಹಚ್ಚಿದ ಪುಸ್ತಕ ತೋರಿಸಬೇಕು ಎಂದು ಆಸೆ. ಆದರೆ ಅದು ಕೈಗೆ ಸಿಗುತ್ತೆ ಎಂದು ಹೇಳಲಾರೆ. ಸೋಮವಾರ 9ನೇ ತರಗತಿಯ ಹುಡುಗನೊಬ್ಬ ಒಯ್ಯುತ್ತಾನಂತೆ. ಚೀಟಿಯಲ್ಲಿ ಜಾಗ ಮುಗಿದಿದೆ, ಅವನಿಗೋಸ್ಕರ ಹೊಸದೊಂದು ಅಂಟಿಸಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಶಿಕ್ಷಕಿ