ಗೆಲುವಲ್ಲ, ಮಾತುಕತೆ ಬೇಕು

ಮಾನ್ಯರೇ,

ಯೇಸುವಿನ ತಾಯಿ ಮರಿಯಮ್ಮನವರಿಗೆ ‘ಸಹವಿಮೋಚಕಿ’ (ಮನುಷ್ಯರ ವಿಮೋಚನೆಯಲ್ಲಿ ಕ್ರಿಸ್ತನ ಜೊತೆಗಾರ್ತಿ) ಎಂಬ ಬಿರುದು ಸೂಕ್ತವಲ್ಲವೆಂದು 2025ರ ನವೆಂಬರಿನಲ್ಲಿ ವ್ಯಾಟಿಕನ್ ಹೇಳಿದ್ದು, ಅದಕ್ಕೆ ಪೋಪ್ 14ನೇ ಲಿಯೋ ಒಪ್ಪಿಗೆಯಿತ್ತದ್ದು, ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಪರಂಪರೆಯಲ್ಲಿ ಬೆಳೆದ ನನಗೆ ಬಹಳ ಸಂತೋಷ ತಂದಿದೆ. ವಿಮೋಚಕ ಕ್ರಿಸ್ತನೊಬ್ಬನೇ ಎಂಬುದು ನಮ್ಮ ವಿಶ್ವಾಸದ ಬುಡ. ಆದರೆ ನಮ್ಮ ಸಭೆಯ ಕೆಲವರು ‘ಕೊನೆಗೂ ನಾವೇ ಗೆದ್ದೆವು’ ಎನ್ನುತ್ತಿರುವುದು ನೋವಿನ ಸಂಗತಿ. ಬೇಳದ ಶೋಕಮಾತೆಯ ಕಥೋಲಿಕ ಇಗರ್ಜಿಗೆ ಹೋಗುವ ನನ್ನ ನೆರೆಮನೆಯ ಬಾಯಮ್ಮ, ಮಗನ ಶಸ್ತ್ರಚಿಕಿತ್ಸೆಯ ರಾತ್ರಿಯಿಡೀ ಜಪಸರ ಹಿಡಿದು ಕುಳಿತಿದ್ದರು. ‘ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ’ ಎಂದೇ ಅವರು ಮರಿಯಮ್ಮನವರನ್ನು ಬೇಡಿದ್ದು. ಹಾಗೆ ಬೇಡಲು ನನಗೆ ಮನಸ್ಸು ಒಪ್ಪದು; ಅದನ್ನು ವಿಗ್ರಹಾರಾಧನೆ ಎನ್ನಲೂ ಒಪ್ಪದು.

ಭಿನ್ನಾಭಿಪ್ರಾಯಗಳನ್ನು ಮುಚ್ಚಿಡಬೇಕಿಲ್ಲ. 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಮಾರ್ಟಿನ್ ಲೂಥರ್ ಪರಂಪರೆಯ ಪ್ರೊಟೆಸ್ಟಂಟರಾದ ಲುಥೆರನ್ನರೂ ಕಥೋಲಿಕರೂ ರಕ್ಷಣೆ ದೇವರ ಕೃಪೆಯಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. ಹೀಗಿದ್ದೂ 2025ರ ಜುಬಿಲಿಯಲ್ಲಿ, ಅಂದರೆ ಕಥೋಲಿಕರ ಪವಿತ್ರ ವರ್ಷದಲ್ಲಿ, ಯಾತ್ರಿಕರಿಗೆ ಪೂರ್ಣ ದಂಡವಿಮೋಚನೆಯ (ಕ್ಷಮೆಯಾದ ಪಾಪಗಳಿಗೂ ಉಳಿಯುವ ಶಿಕ್ಷೆಯಿಂದ ಬಿಡುಗಡೆಯ) ಅವಕಾಶವಿತ್ತು. 1517ರಲ್ಲಿ ಲೂಥರ್ ಪ್ರಶ್ನಿಸಿದ ದಂಡವಿಮೋಚನೆಯ ಮಾರಾಟ ಎಂದೋ ನಿಂತಿದೆ, ಬೋಧನೆ ಉಳಿದಿದೆ. ಕೃಪೆಯೇ ಸಾಕಾದರೆ ಇದೇಕೆ? ಈ ಪ್ರಶ್ನೆಗೆ ಜಿಲ್ಲೆಯ ಕಥೋಲಿಕ ಗುರುಗಳೂ ನಮ್ಮ ಸಭಾಪಾಲಕರೂ ಒಂದೇ ವೇದಿಕೆಯಲ್ಲಿ, ಕನ್ನಡದಲ್ಲಿ ಉತ್ತರಿಸಲಿ. ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯ ಪ್ರಾರ್ಥನಾ ಸಪ್ತಾಹ ಅದಕ್ಕೆ ತಕ್ಕ ಸಮಯ.

– ಸಿಎಸ್‌ಐ ಸಭೆಯ ಸದಸ್ಯ, ಕಾಸರಗೋಡು